ಕರ್ಜಿಕಾಯಿಯೊಳಗೆ ಸಿಗಡಿ

ನೋಡಿದರೆ ನಮ್ಮ ಕರ್ಜಿಕಾಯಿ, ಕಚ್ಚಿದರೆ ಸಿಗಡಿ! ಕಾರವಾರದಿಂದ ಮಡಗಾಂವಿಗೆ ಹೋದಾಗಲೆಲ್ಲ ಮಾರ್ಕೆಟ್ ಹತ್ತಿರದ ಆ ಪುಟ್ಟ ಬೇಕರಿಗೆ ನುಗ್ಗುವುದು ಈ ರಿಸೋಯ್ಸ್ ಎಂಬ ಪೋರ್ಚುಗೀಸ್ ತಿಂಡಿಗಾಗಿಯೇ. 1961ರಲ್ಲಿ ಪೋರ್ಚುಗೀಸರು ಗಂಟುಮೂಟೆ ಕಟ್ಟಿದರು, ತಿಂಡಿ ಗೋವಾದಲ್ಲೇ ಉಳಿಯಿತು. ಕುದಿಯುವ ನೀರು-ಬೆಣ್ಣೆಗೆ ಮೈದಾ ಸುರಿದು ತಿರುವುತ್ತಾರೆ, ಥೇಟ್ ನಾವು ಅಕ್ಕಿರೊಟ್ಟಿಗೆ ಹಿಟ್ಟು ಬೇಯಿಸುವ ಹಾಗೆ. ಹೂರಣ ಹಾಲು-ಮೈದಾದ ಬಿಳಿ ಸಾಸು. ಅದರಲ್ಲಿ ಸಿಗಡಿ, ಈರುಳ್ಳಿ, ಹಸಿಮೆಣಸು. ಖಾರ ಮಾತ್ರ ಅಪ್ಪಟ ಗೋವಾದ್ದು. ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಬಿಸಿಯಿದ್ದಾಗ ಅಂಚು ಗರಿಗರಿ, ನಡುವೆ ಕೆನೆಯಂತೆ ಜಾರುತ್ತದೆ. ನಾಲಿಗೆ ಸುಟ್ಟುಕೊಂಡೇ ತಿನ್ನುತ್ತೇನೆ.

ಮೊನ್ನೆ ಸಂಜೆ ಐದಕ್ಕೆ ಹೋದೆ ನೋಡಿ, ಬೆಳಗಿನದನ್ನೇ ಓವನ್ನಿನಲ್ಲಿ ಬಿಸಿ ಮಾಡಿ ಕೊಟ್ಟರು. ರಬ್ಬರು! ಸಿಗಡಿಯೂ ಒಂದಕ್ಕೆ ಎರಡೇ ಚೂರು. ಹೋಗುವುದಾದರೆ ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ.