ಮಾಡಿನ ಅಡ್ಡತೊಲೆಗೆ ಗರಗಸ ಹಾಕಿಸುವ ಮುನ್ನ

ನಮ್ಮದು ಎರಡು ಕಡೆಗೆ ಇಳಿಜಾರಿರುವ ಸಾದಾ ಹಂಚಿನ ಮಾಡು. ನಡುಮನೆ ಎತ್ತರವಾಗಿ ಕಾಣಲೆಂದು ಹಲಗೆಯ ಒಳಮುಚ್ಚಿಗೆಯನ್ನು ತೆಗೆಸಿದಾಗ, ಎದುರುಬದುರು ಗೋಡೆಗಳ ನಡುವೆ ಹಾದುಹೋಗಿದ್ದ ಐದು ಅಡ್ಡತೊಲೆಗಳು ಬರಿದಾಗಿ ಉಳಿದವು. ಹಲಗೆಯೇ ಇಲ್ಲದ ಮೇಲೆ ಇವುಗಳಿಗೇನು ಕೆಲಸ ಎಂದು ಬಡಗಿ ಕೇಳಿದ. ನನಗೂ ಅದು ಸರಿಯೆನಿಸಿತು. ಮೂರನ್ನು ಕೊಯ್ಸಿದೆ.

ಆ ತೊಲೆಗಳು ಹೊರುತ್ತಿದ್ದುದಕ್ಕಿಂತ ಹೆಚ್ಚಾಗಿ ಎಳೆದು ಹಿಡಿಯುತ್ತಿದ್ದವು. ಹಂಚಿನ ಭಾರ, ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳ ಮೂಲಕ, ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರಗಳಾದ ಪಕಾಸುಗಳಿಗೆ ಬರುತ್ತದೆ. ನೆತ್ತಿಯಲ್ಲಿ ಒಂದಕ್ಕೊಂದು ಆತುಕೊಂಡ ಜೋಡಿ ಪಕಾಸುಗಳು ಆ ಭಾರವನ್ನು ಗೋಡೆಗೆ ಇಳಿಸುವಾಗ ಗೋಡೆಯ ತಲೆಯನ್ನು ಹೊರಕ್ಕೂ ತಳ್ಳುತ್ತವೆ. ಪಕಾಸುಗಳ ಬುಡಗಳನ್ನು ಜೋಡಿಸಿದ ಅಡ್ಡತೊಲೆ ಈ ತಳ್ಳುವಿಕೆಯನ್ನು ತಡೆಯುತ್ತದೆ. ಗೋಡೆಯ ತಲೆಯಿಂದ ನೆತ್ತಿಯ ಎತ್ತರ ಮಾಡಿನ ಅಗಲದ ಅರ್ಧದಷ್ಟಿದ್ದರೆ ಪ್ರತಿ ಗೋಡೆಯ ಮೇಲಿನ ತಳ್ಳುವಿಕೆ ಮಾಡಿನ ಒಟ್ಟು ಭಾರದ ಸುಮಾರು 1/4 ಭಾಗ. ಎತ್ತರ ಅಗಲದ 1/4 ಮಾತ್ರ ಇದ್ದರೆ ಅದು ಭಾರದ ಅರ್ಧಕ್ಕೆ ಏರುತ್ತದೆ. ನಮ್ಮ ಮಾಡಾದರೋ ಚಪ್ಪಟೆಯದು.

ಮೊದಲು ಕಂಡದ್ದು ಬಾಗಿಲು: ಚೌಕಟ್ಟಿಗೆ ಉಜ್ಜತೊಡಗಿತು. ಮಳೆಗೆ ಮರ ಊದಿರಬೇಕೆಂದು ಅಂಚನ್ನು ಕೀಸಿಸಿದೆ, ಎರಡನೆಯ ಮೂರ್ಖತನ. ಆಮೇಲೆ ಮೂಲೆಯಲ್ಲಿ, ಮೇಲಕ್ಕೆ ಹೋದಂತೆ ಅಗಲವಾಗುವ ಒಂದು ಬಿರುಕು ಕಾಣಿಸಿತು. ಏಣಿ ಹತ್ತಿ ನೋಡಿದರೆ ನೆತ್ತಿಯ ಜೋಡಣೆಯ ಕೆಳಭಾಗದಲ್ಲಿ ಕಿರುಬೆರಳು ತೂರುವಷ್ಟು ಸಂದು, ಅದರೊಳಗೆ ಹೊಳೆಯುವ ಹಳೆಯ ಮೊಳೆ. ತೂಕದ ಗುಂಡು ಇಳಿಬಿಟ್ಟಾಗ ಗೋಡೆಯ ತಲೆ ಹೊರಕ್ಕೆ ವಾಲಿರುವುದು ಖಚಿತವಾಯಿತು.

ತೊಲೆ ತೆಗೆದು, ಅದರ ಬದಲು ನೆತ್ತಿಯ ಹತ್ತಿರ ಒಂದು ಪಟ್ಟಿ ಹೊಡೆದರೆ ಸಾಕೆಂದು ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಮೇಲಿನ ಪಟ್ಟಿ ಜೋಡಿ ಪಕಾಸುಗಳನ್ನು ನೆತ್ತಿಯಲ್ಲಿ ಬಿಡಿಸಿಕೊಳ್ಳದಂತೆ ಹಿಡಿಯಬಹುದು. ಆದರೆ ಬುಡ ಹೊರಕ್ಕೆ ಸರಿಯುವುದನ್ನು ಬುಡದ ತೊಲೆಯಷ್ಟು ಚೆನ್ನಾಗಿ ತಡೆಯಲಾರದು, ಜೊತೆಗೆ ಪಕಾಸುಗಳೇ ಬಾಗುತ್ತವೆ. ನೆತ್ತಿಯ ಹಲಗೆಯೂ ಸಾಮಾನ್ಯವಾಗಿ ಪಕಾಸುಗಳನ್ನು ಜೋಡಿಸುವುದಕ್ಕಷ್ಟೇ ಇರುತ್ತದೆ. ಅದು ಭಾರ ಹೊರಬೇಕಾದರೆ ಎರಡೂ ತುದಿಗಳಲ್ಲಿ ಗಟ್ಟಿ ಆಧಾರವಿರುವ ದಪ್ಪ ತೊಲೆಯಾಗಿರಬೇಕು. ನಾಲ್ಕು ಕಡೆಗೂ ಇಳಿಜಾರಿರುವ ಮಾಡಿನಲ್ಲಿ ಮೂಲೆಯ ಓರೆ ಪಕಾಸುಗಳು ಗೋಡೆಯ ಮೂಲೆಗಳನ್ನೇ ತಳ್ಳುವುದರಿಂದ, ಅಲ್ಲಿ ಗೋಡೆಯ ತಲೆಯ ಮೇಲೆ ಮಲಗಿಸಿದ ಗೋಡೆಪಟ್ಟಿಗಳ ಜೋಡಣೆ ಸಡಿಲವಾಗಿರಬಾರದು. ತ್ರಿಕೋನಗಳಾಗಿ ಹೆಣೆದ ಟ್ರಸ್ ಆಗಿದ್ದರಂತೂ ಅತಿ ಸಣ್ಣ ಓರೆಪಟ್ಟಿಯನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬಾರದು.

ಕೊನೆಗೆ ಎಂಜಿನಿಯರ್ ಒಬ್ಬರ ಮಾತಿನಂತೆ ಹಂಚು ಇಳಿಸಿ, ಮಾಡಿಗೆ ಊರುಗೋಲು ಕೊಟ್ಟು, ಕೊಯ್ದ ಮೂರು ಕಡೆಯೂ ತಿರುಪಿನಿಂದ ಬಿಗಿಗೊಳಿಸುವ ಉಕ್ಕಿನ ಸರಳುಗಳನ್ನು ಗೋಡೆಯಿಂದ ಗೋಡೆಗೆ ಹಾಕಿಸಿದೆವು. ಸರಿದ ಗೋಡೆಯನ್ನು ಪೂರ್ತಿ ಹಿಂದಕ್ಕೆ ಎಳೆದರೆ ಹೊಸ ಬಿರುಕು ಬಿಡುವ ಭಯವಿದ್ದುದರಿಂದ, ಇನ್ನು ಮುಂದೆ ಸರಿಯದಂತೆ ನಿಲ್ಲಿಸಿದ್ದಷ್ಟೇ. ಕೀಸಿದ ಬಾಗಿಲಿನ ಅಂಚಿಗೆ ಮಾತ್ರ ಈಗ ಒಂದು ಪಟ್ಟಿ ಅಂಟಿಸಬೇಕಾಗಿದೆ.