ಹಿತ್ತಾಳೆ ಕೊಳವೆಯನ್ನು ಅಳತೆಗೆ ಕತ್ತರಿಸಲು ಯಾವ ಉಪಕರಣ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಹಿತ್ತಾಳೆಯ ಕೊಳವೆಗಳನ್ನು ಒಂದೇ ಉದ್ದಕ್ಕೆ ತುಂಡರಿಸುವ ಕೆಲಸ ದಿನವೂ ಇರುವುದರಿಂದ, ಪೈಪ್ ಕಟರ್, ಹ್ಯಾಕ್ಸಾ (ಲೋಹ ಕೊಯ್ಯುವ ಕೈಗರಗಸ), ಲೇಥ್ (ಲೋಹವನ್ನು ತಿರುಗಿಸುತ್ತಾ ಕತ್ತರಿಸುವ ಯಂತ್ರ) ಮೂರನ್ನೂ ಬಳಸಿ ನೋಡಿದ್ದೇನೆ.

ಪೈಪ್ ಕಟರ್ ಅಗ್ಗವಾದದ್ದು, ಬೇಗ ಕೆಲಸ ಮುಗಿಸುತ್ತದೆ. ಆದರೆ ಅದರ ಚಕ್ರ ಲೋಹವನ್ನು ಕೆತ್ತಿ ತೆಗೆಯದೆ ಒತ್ತಿ ಬೇರ್ಪಡಿಸುವುದರಿಂದ ಅಂಚು ಒಳಕ್ಕೆ ಬಾಗಿ ಒಳವ್ಯಾಸ ಕಿರಿದಾಗುತ್ತದೆ. ಬೆರಳಾಡಿಸಿದರೆ ಆ ಏಣು ಕೂಡಲೇ ತಿಳಿಯುತ್ತದೆ. ಪ್ರತಿ ತುಂಡಿಗೂ ರೀಮರ್ (ಒಳ ಅಂಚನ್ನು ಕೆರೆದು ಸರಿಪಡಿಸುವ ಉಪಕರಣ) ಹಾಕಲೇಬೇಕು.

ಹ್ಯಾಕ್ಸಾ ಬಳಸುವವರು ಇಂಚಿಗೆ 32 ಹಲ್ಲುಗಳ ಬ್ಲೇಡನ್ನೇ ಕೊಳ್ಳಬೇಕು. ಅಷ್ಟು ಸಣ್ಣ ಹಲ್ಲಿನ ಬ್ಲೇಡಿನಲ್ಲೂ ಹಲ್ಲುಗಳ ನಡುವಿನ ಅಂತರ ಸುಮಾರು 0.8 ಮಿ.ಮೀ. ಇರುವುದರಿಂದ, 1 ಮಿ.ಮೀ. ದಪ್ಪದ ಕೊಳವೆ ಗೋಡೆಯ ಮೇಲೆ ಒಂದೆರಡು ಹಲ್ಲು ಮಾತ್ರ ಕೂತು, ಸಿಕ್ಕಿಕೊಂಡು ಮುರಿಯಬಹುದು. ಒಳಗೆ ಮರದ ಕಡ್ಡಿಯನ್ನು ಬಿಗಿಯಾಗಿ ತೂರಿಸಿದ ಮೇಲೆ ನಮಗೆ ಈ ತೊಂದರೆ ಬಹಳ ಕಡಿಮೆಯಾಯಿತು.

ನನ್ನ ಆಯ್ಕೆ ಲೇಥ್. ಆದರೆ ಉಕ್ಕನ್ನು ಕತ್ತರಿಸಲೆಂದು ಮೇಲ್ಮುಖ ಇಳಿಜಾರಾಗುವಂತೆ ಸಾಣೆ ಹಿಡಿದ ಟೂಲ್ (ಲೇಥಿನ ಕತ್ತರಿಸುವ ಅಲಗು) ಹಿತ್ತಾಳೆಯನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಟೂಲಿನ ಆ ಮೇಲ್ಮುಖವನ್ನು ಚಪ್ಪಟೆಯಾಗಿ ಸಾಣೆ ಹಿಡಿದರೆ ಪುಡಿಪುಡಿಯಾಗಿ ಚೂರು ಉದುರುತ್ತದೆ, ಅಂಚು ಕನ್ನಡಿಯಂತೆ ಬರುತ್ತದೆ.

ಅಳತೆಗೆ 0.02 ಮಿ.ಮೀ. ತೋರಿಸುವ ಸಾಮಾನ್ಯ ವರ್ನಿಯರ್ (ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ) ಸಾಕು. ಕಡಿಮೆ ಬೆಲೆಗೆಂದು ನಾನು ಕೊಂಡ ಡಿಜಿಟಲ್ ಕ್ಯಾಲಿಪರ್ (ಅಂಕಿಗಳನ್ನು ಪರದೆಯಲ್ಲಿ ತೋರಿಸುವ ಅಂಥದ್ದೇ ಸಾಧನ) ದವಡೆ ಮುಚ್ಚಿದಾಗ ಸೊನ್ನೆಗೆ ಮರಳುತ್ತಲೇ ಇರಲಿಲ್ಲ. ಅಂಗಡಿಯವರು ಹಿಂಪಡೆಯಲೂ ಒಪ್ಪಲಿಲ್ಲ. ಕೌಂಟರಿನಲ್ಲೇ ಹತ್ತು ಬಾರಿ ತೆರೆದು ಮುಚ್ಚಿ, ಸೊನ್ನೆ ನಿಲ್ಲುವುದನ್ನು ಕಂಡ ಮೇಲೆಯೇ ಹಣ ಕೊಡಿ.