ಜರ್ಮನಿಯ 100 ಯೂರೋ ಚಿನ್ನದ ನಾಣ್ಯ ಕೊಳ್ಳುವವರೇ, ಮ್ಯಾಗ್ನೆಟ್ ವಿಡಿಯೋ ನಂಬಬೇಡಿ

ಜರ್ಮನಿಯಲ್ಲಿರುವ ಕನ್ನಡದವರು, ಅದರಲ್ಲೂ ಚಿನ್ನದ ನಾಣ್ಯ ಕೂಡಿಡುವವರು ದಯವಿಟ್ಟು ಓದಿ. ಒಬ್ಬ ನನಗೆ ನೀಟಾಗಿ ಟೋಪಿ ಹಾಕಿದ್ದಾನೆ. ಸಿಟ್ಟು ಇನ್ನೂ ಇಳಿದಿಲ್ಲ.

2003ರಲ್ಲಿ ಕ್ವೆಡ್ಲಿನ್‌ಬುರ್ಗ್‌ನಿಂದ ಶುರುವಾದ ವಿಶ್ವ ಪರಂಪರೆ ತಾಣಗಳ 100 ಯೂರೋ ಸರಣಿ ಗೊತ್ತಲ್ವಾ? ನನ್ನ ಹತ್ತಿರ ಬಾಂಬೆರ್ಗ್, ವೈಮಾರ್ ಊರುಗಳ ನಾಣ್ಯ ಇದ್ದವು. 2007ರ ಲ್ಯೂಬೆಕ್ ಇರಲಿಲ್ಲ. ಖಾಸಗಿ ಜಾಹೀರಾತೊಂದರಲ್ಲಿ ಸಿಕ್ಕಿತು. "ಅಜ್ಜನ ಸಂಗ್ರಹ, ಮನೆ ಖಾಲಿ ಮಾಡ್ತಿದ್ದೇವೆ" ಅಂದ. ಬೆಲೆ ಅಂದಿನ ಚಿನ್ನದ ರೇಟಿಗಿಂತ ಸ್ವಲ್ಪವೇ ಕಡಿಮೆ. ತೀರಾ ಕಡಿಮೆ ಇದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಅಲ್ಲೇ ಇರೋದು ಅವನ ಜಾಣತನ. ಕೇಳದಿದ್ದರೂ ವಿಡಿಯೋ ಬೇರೆ ಕಳಿಸಿದ: ಮ್ಯಾಗ್ನೆಟ್ ಹತ್ತಿರ ತಂದರೂ ನಾಣ್ಯ ಅಲುಗಲ್ಲ. ಅಯ್ಯಾ, ತಾಮ್ರವೂ ಅಲುಗಲ್ಲ!

ಪಾರ್ಸೆಲ್ ಬಂತು. ಡಬ್ಬಿ, ಸರ್ಟಿಫಿಕೇಟ್ ಎಲ್ಲಾ ಜೋರಾಗಿತ್ತು. ನಾಣ್ಯ ಅಂಗೈಗೆ ಹಾಕಿಕೊಂಡ ಕೂಡಲೇ ಎದೆ ಧಸಕ್ಕೆಂದಿತು. ಹಗುರ! ಅಗಲ 28 ಮಿಲಿಮೀಟರ್, ಸರಿಯಾಗೇ ಇತ್ತು. ಆದರೆ ಅರ್ಧ ಔನ್ಸ್, ಅಂದರೆ 15.55 ಗ್ರಾಂ ತೂಗಬೇಕಾದದ್ದು 8 ಗ್ರಾಂ ಕೂಡ ಮುಟ್ಟಲಿಲ್ಲ. ವೈಮಾರ್ ತಂದು ತೂಗಿದೆ, ಸರಿಯಾಗಿ ತೋರಿಸಿತು. ಮತ್ತೆ ಇದನ್ನಿಟ್ಟೆ. ಅದೇ ತೂಕ. ಫೋಟೋದಲ್ಲಿ ಹ್ಯಾಂಬುರ್ಗ್ ಟಂಕಸಾಲೆಯ 'ಜೆ' ಅಕ್ಷರ ಸ್ಪಷ್ಟವಾಗಿತ್ತು. ಇದರಲ್ಲಿ ಅಕ್ಷರವೇ ಇಲ್ಲ. ತಾಮ್ರಕ್ಕೆ ಚಿನ್ನದ ನೀರು ಬಳಿದ ಬಿಲ್ಲೆ.

ಮೆಸೇಜ್ ಹಾಕಿದೆ. ಉತ್ತರ: "ನಿಮ್ಮ ತಕ್ಕಡಿ ಕೆಟ್ಟಿರಬೇಕು." ಅದೇ ತಕ್ಕಡಿ ಮೇಲೆ ವೈಮಾರ್ ಇಟ್ಟ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀವೇ ನಾಣ್ಯ ಬದಲಾಯಿಸಿ ಈಗ ನಾಟಕ ಆಡ್ತಿದ್ದೀರಿ." ನಾನು! ನಾಟಕ! ಕೊನೆಗೆ "ಖಾಸಗಿ ಮಾರಾಟ, ವಾಪಸ್ ಇಲ್ಲ" ಅಂತ ಒಂದು ಸಾಲು. ಅಷ್ಟೇ, ಬ್ಲಾಕ್. ಕಮಿಷನ್ ಉಳಿಯುತ್ತೆ ಅಂತ ದುಡ್ಡನ್ನು 'ಸ್ನೇಹಿತರಿಗೆ' ಅನ್ನುವ ಆಯ್ಕೆಯಲ್ಲಿ ಹಾಕಿಸಿಕೊಂಡಿದ್ದ. ಹಾಗೆ ಕಳಿಸಿದರೆ ಕೊಂಡವರಿಗೆ ರಕ್ಷಣೆಯೇ ಇಲ್ಲ. ಎಂಥಾ ಸ್ನೇಹಿತನೋ!

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ದುಡ್ಡು ಬರುತ್ತೆ ಅನ್ನೋ ಆಸೆಯಂತೂ ಇಲ್ಲ.

ಈ ನಾಣ್ಯ ಕೊಳ್ಳೋದಾದರೆ ತಕ್ಕಡಿ ಮೇಲಿಟ್ಟು ತೋರಿಸಲು ಹೇಳಿ. ಆಗದು ಅಂದರೆ ಬಿಟ್ಟುಬಿಡಿ. ಆದಷ್ಟು ನಾಣ್ಯದ ಅಂಗಡಿಯಲ್ಲೇ ಎದುರಾಬದುರು ಕೂತು ತೂಗಿಸಿ, ದುಡ್ಡು ಕೊಡಿ. ಮನೆ ಖಾಲಿ ಮಾಡುವ ಅಜ್ಜನ ಮೊಮ್ಮಕ್ಕಳಿಗೆ ದೂರದಿಂದಲೇ ನಮಸ್ಕಾರ ಹೇಳಿ. ಈಗ ಬೇರೆ ಹೆಸರಿನಲ್ಲಿ 2009ರ ಟ್ರಿಯರ್ ಮಾರಾಟಕ್ಕೆ ಬಂದಿದೆ, ಅದೇ ಅಜ್ಜನ ಕಥೆ. ಯಾರೂ ದುಡ್ಡು ಹಾಕಬೇಡಿ.